ಬಾತುಗಳಿಗೆ ಹಾಸಿಗೆ ಹಾಸಲು ಹೊರಟ ಪೆಟ್ರಿಕ

ಪೆಟ್ರಿಕಳ ಜೊತೆ ವಾದಕ್ಕೆ ಇಳಿಯುವವನಿಗೆ ಒಂದೋ ಬುದ್ಧಿ ಇರಬಾರದು, ಇಲ್ಲವೇ ಬೇರೆ ಕೆಲಸ ಇರಬಾರದು. ಅವಳ ಅಣ್ಣನ ಮಗ ಹಿಲ್ಮಾರನಿಗೆ ಎರಡೂ ಇದ್ದವು. ಆದರೂ ಆ ಬೆಳಿಗ್ಗೆ ದೋಣಿ ಕಟ್ಟುವ ಕಟ್ಟೆಯ ಮೇಲೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದ.

"ಅತ್ತೆ, ಸುಮ್ನೆ ನನ್ನ ಬೋಟ್ ಹತ್ತು. ಎಂಜಿನ್ ಹಾಕಿದ್ರೆ ಕಾಫಿ ಆರೋದ್ರೊಳಗೆ ಗ್ರೋವ್ಯಾರ್‌ನಲ್ಲಿ ಇರ್ತೀಯ."

"ನಾನು ಇರ್ತೀನಪ್ಪ. ಹಕ್ಕಿ ಇರ್ತಾವಾ?"

"ಹಕ್ಕಿ, ಹಕ್ಕಿ! ಕೆಮ್ಮು ಇನ್ನೂ ಎದೆಯಿಂದ ಇಳಿದಿಲ್ಲ ನಿಂಗೆ. ನಿನ್ನ ಈ ಹಳೇ ದೋಣೀನೂ ಸರಿಯಾಗಿ ನೀರು ಕುಡಿದಿಲ್ಲ. ಹಲಗೆ ಸಂದೀಲಿ ನೀರು ಹೆಂಗೆ ಬರ್ತಿದೆ ನೋಡು!"

"ಕೆಮ್ಮು ನಂದು, ದೋಣಿ ನಂದು. ಉರಿ ಯಾಕೆ ನಿಂಗೆ? ಆ ಮೂಟೆ ಇತ್ತ ಕೊಡು."

ಹಿಲ್ಮಾರ್ ಬೈಯುತ್ತಲೇ ಮೂಟೆ ಎತ್ತಿ ಕೊಟ್ಟ. ಮೂಟೆಯಲ್ಲಿ ಇದ್ದದ್ದು ಒಣಗಿಸಿದ ಕಡಲಪಾಚಿ. ಗಾತ್ರ ದೊಡ್ಡದು, ತೂಕ ಏನೂ ಇಲ್ಲ. ಆದರೆ ಒಂದು ಹನಿ ಉಪ್ಪುನೀರು ತಾಗಿದರೆ ವರ್ಷದ ಶ್ರಮ ಹಾಳು. ಪೆಟ್ರಿಕ ಮೂಟೆಗಳನ್ನು ದೋಣಿಯ ಹೊಟ್ಟೆಯಲ್ಲಿ ಹಲಗೆಗಳ ಮೇಲೆ ಎತ್ತರಕ್ಕೆ ಪೇರಿಸಿ, ಹಳೇ ಹಾಯಿಯ ಬಟ್ಟೆ ಹೊದಿಸಿ, ಮಗುವಿಗೆ ಹೊದಿಕೆ ಸಿಕ್ಕಿಸುವ ಹಾಗೆ ಅಂಚುಗಳನ್ನು ಒಳಕ್ಕೆ ಸಿಕ್ಕಿಸಿದಳು.

ನಾರ್ವೆಯ ಈ ಬಡಗಣ ಕರಾವಳಿಯಲ್ಲಿ ಕುರಿ ಸಾಕುವವರಿದ್ದಾರೆ, ಹಸು ಸಾಕುವವರಿದ್ದಾರೆ. ಪೆಟ್ರಿಕಳ ಮನೆತನ ಸಾಕಿಕೊಂಡು ಬಂದದ್ದು ಯಾರ ಕೈಗೂ ಸಿಗದ ಐಡರ್ ಬಾತುಗಳನ್ನು. ವರ್ಷವೆಲ್ಲ ಕಡಲಲ್ಲೇ ಬದುಕುವ ಕಾಡುಹಕ್ಕಿ ಅದು. ವಸಂತದಲ್ಲಿ ಮೊಟ್ಟೆಯಿಡಲು ಮಾತ್ರ ದಡ ಹತ್ತುತ್ತದೆ, ಅದೂ ಮನುಷ್ಯ ಒಲೆ ಹೊತ್ತಿಸಿ ಕುಳಿತಿರುವ ದಡವನ್ನೇ ಹುಡುಕಿ ಹತ್ತುತ್ತದೆ. ಕಾಗೆ, ಹದ್ದು, ನೀರುನಾಯಿಗಳಿಂದ ಮನುಷ್ಯ ತನ್ನನ್ನು ಕಾಯುತ್ತಾನೆಂಬ ನಂಬಿಕೆ ಅದಕ್ಕೆ. ಮನುಷ್ಯ ಕಲ್ಲು ಹಲಗೆ ಜೋಡಿಸಿ ಮೊಣಕಾಲೆತ್ತರದ ಮನೆಗಳನ್ನು ಕಟ್ಟಿ, ಒಳಗೆ ಒಣ ಪಾಚಿಯ ಹಾಸಿಗೆ ಹಾಸಿಡುತ್ತಾನೆ. ಹೆಣ್ಣು ಬಾತು ಒಳಗೆ ಹೋಗಿ, ತನ್ನ ಎದೆಯ ತುಪ್ಪುಳವನ್ನು ತಾನೇ ಕಿತ್ತು ಅದರ ಮೇಲೆ ಹರಡಿ, ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ಮರಿಗಳು ನೀರಿಗಿಳಿದ ಮೇಲೆ ಗೂಡಿನಲ್ಲಿ ಉಳಿದ ತುಪ್ಪುಳ ಕಾದವರಿಗೆ. ಕಥೆಗಳಲ್ಲಿ ಬರುವ ಹಂಸತೂಲಿಕಾತಲ್ಪವನ್ನು ರಾಜರು ಬರೀ ಮಲಗಿ ಅನುಭವಿಸಿದರು, ಪೆಟ್ರಿಕ ಅಂಥದ್ದನ್ನು ಕೈಯಾರೆ ಹೊಲಿದಿದ್ದಾಳೆ.

ಹಕ್ಕಿ ದಡ ಹತ್ತುವ ಕಾಲದಲ್ಲಿ ಅಲ್ಲಿ ಎಂಜಿನ್ನಿನ ಸದ್ದಿಲ್ಲ, ಸುತ್ತಿಗೆ ಪೆಟ್ಟಿಲ್ಲ, ನಾಯಿ ಇಲ್ಲ, ಕೂಗಾಟವಿಲ್ಲ, ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆಯಿಲ್ಲ. ಇದನ್ನು ಯಾರೂ ಗೋಡೆಗೆ ಬರೆದು ಹಾಕಿಲ್ಲ. ನಡೆಯಲು ಕಲಿಯುವಾಗಲೇ ಮೆಲ್ಲಗೆ ನಡೆಯಲು ಕಲಿತವಳು ಪೆಟ್ರಿಕ.

ಗ್ರೋವ್ಯಾರ್ ಒಂದು ಚೂರು ದ್ವೀಪ. ಅವಳು ಹುಟ್ಟಿದ್ದು ಅಲ್ಲೇ. ಅವಳ ಬಾಲ್ಯದಲ್ಲಿ ಅಲ್ಲಿ ಬೇರೆ ಮನೆಗಳೂ ಇದ್ದವು. ಆಮೇಲೆ ಶಾಲೆ ಇಲ್ಲ, ಡಾಕ್ಟರಿಲ್ಲ, ಕರೆಂಟಿಲ್ಲ, ದೊಡ್ಡ ದ್ವೀಪಕ್ಕೆ ಬನ್ನಿ ಎಂದು ಸರ್ಕಾರ ಕರೆಯಿತು. ಒಂದೊಂದೇ ಮನೆಯ ಒಲೆ ಆರಿತು. ಕೊನೆಗೆ ಆರಿದ್ದು ಪೆಟ್ರಿಕಳ ಒಲೆ, ಅದೂ ಅರ್ಧ ಮಾತ್ರ, ಹಕ್ಕಿಗಳ ಕಾಲಕ್ಕೆ ಅದು ಮತ್ತೆ ಹೊತ್ತುತ್ತಿತ್ತು. ಉಳಿದ ಕಾಲವೆಲ್ಲ ದೊಡ್ಡ ದ್ವೀಪದ ಮೀನಿನ ಶೆಡ್ಡಿನಲ್ಲಿ ಚಾಕು ಹಿಡಿದು ನಿಲ್ಲುತ್ತಿದ್ದಳು. ಹಿಮ ಕರಗುವ ಮೊದಲೇ ಚಾಕು ತೊಳೆದಿಟ್ಟು ದೋಣಿ ನೀರಿಗಿಳಿಸುತ್ತಿದ್ದಳು. ಮೊದಮೊದಲು ಶೆಡ್ಡಿನ ಯಜಮಾನ ಬಾಯಿ ಮಾಡಿದ. ಅವಳಷ್ಟು ಬೇಗ ಮೀನು ಸೀಳುವವರು ಇನ್ನೊಬ್ಬರಿಲ್ಲ ಅಂತ ಗೊತ್ತಾದ ಮೇಲೆ ಬಾಯಿ ಮುಚ್ಚಿದ. ಈಗ ಎಪ್ಪತ್ತರ ಹತ್ತಿರದಲ್ಲೂ ಅದೇ ರೂಢಿ. ಹಾಯಿ ಒಂದೇ, ಅವಳೊಬ್ಬಳೇ.

ಹೋದ ವಸಂತದಲ್ಲಿ ಅವಳ ಎದೆ ಒಡೆಯುವಂಥದ್ದು ಆಗಿತ್ತು. ಚರ್ಮದ ಕೋಟಿನ ಆಸೆಗೆ ಯಾರೋ ಎಲ್ಲೋ ಸಾಕಿದ ಮಿಂಕ್, ಮುಂಗುಸಿಯಂಥ ದರಿದ್ರ ಪ್ರಾಣಿ, ಬೋನಿನಿಂದ ತಪ್ಪಿಸಿಕೊಂಡು ದ್ವೀಪದಿಂದ ದ್ವೀಪಕ್ಕೆ ಈಜಿಕೊಂಡು ಗ್ರೋವ್ಯಾರಿಗೆ ಬಂತು. ಹೊಟ್ಟೆಗಾಗಿ ಕೊಲ್ಲುವ ಪ್ರಾಣಿಯನ್ನು ಕ್ಷಮಿಸಬಹುದು. ಇದು ಕಾವಿಗೆ ಕೂತ ಬಾತುಗಳ ಕತ್ತು ಕಡಿದು ಕಡಿದು ಹಾಗೇ ಬಿಟ್ಟು ಹೋಯಿತು. ಉಳಿದ ಹೆಣ್ಣುಗಳು ಮೊಟ್ಟೆ ಬಿಟ್ಟು ಕಡಲು ಸೇರಿದವು. ಚಳಿಗಾಲದಲ್ಲಿ ಬೋನು ಒಡ್ಡಿ ಮಿಂಕನ್ನು ಹಿಡಿದದ್ದಾಯಿತು. ಆದರೆ ಹಕ್ಕಿಗೆ ಅದು ಹೇಗೆ ಗೊತ್ತಾಗಬೇಕು? ಒಂದು ವರ್ಷದ ಮೋಸವನ್ನು ಬಾತು ನುಂಗಿಕೊಂಡೀತು. ಎರಡನೇ ವಸಂತವೂ ದಡ ಹತ್ತದೆ ಬೇರೆ ಕಡೆ ಮೊಟ್ಟೆಯಿಟ್ಟರೆ ಮುಗಿಯಿತು. ಅದೂ ಬರುವುದಿಲ್ಲ, ಅದರ ಹೆಣ್ಣುಮರಿಗಳೂ ಬರುವುದಿಲ್ಲ. ಅಜ್ಜಿಯ ಅಜ್ಜಿ ಕಾಲದಿಂದ ಬಂದ ಒಕ್ಕಲು ಗ್ರೋವ್ಯಾರ್ ಬಿಟ್ಟು ಹೋದ ಹಾಗೆ. ಎಲ್ಲವೂ ಈ ವಸಂತದ ಮೇಲೆ ನಿಂತಿತ್ತು. ಇಂಥ ವರ್ಷವೇ ಅವಳಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು, ಜ್ವರ ಬಿಟ್ಟ ಮೇಲೆ ಬಿರುಗಾಳಿ ಹಿಡಿಯಿತು. ಹಕ್ಕಿಗಳು ಬಂದು ಕಾಯುವ ಕಾಲ ಆಗಿಹೋಗಿತ್ತು. ಮನೆಗಳಲ್ಲಿ ಹಳೇ ಪಾಚಿ ಕೊಳೆಯುತ್ತಿತ್ತು, ಒಲೆ ತಣ್ಣಗಿತ್ತು.

"ಸಂಜೆ ಒಳಗೆ ಹೊಗೆ ಕಾಣ್ಬೇಕು ಅವಕ್ಕೆ," ಎಂದು ಪೆಟ್ರಿಕ ಹಗ್ಗ ಬಿಚ್ಚಿದಳು.

"ನೀನು ಮುಳುಗಿದ್ರೆ ನಾನು ಅಳಲ್ಲ," ಎಂದ ಹಿಲ್ಮಾರ್.

"ಬೇಡಪ್ಪ. ನಿನ್ನ ಗಂಟಲಿಗೆ ಅದೂ ಕೂಗಾಟದ ಥರಾನೇ ಕೇಳ್ಸುತ್ತೆ."

ತೆಂಕಣ ಗಾಳಿ ಚೌಕ ಹಾಯಿಯನ್ನು ತುಂಬಿತು. ದೋಣಿ ಒಮ್ಮೆ ನಡುಗಿ, ಕಟ್ಟೆಯ ನೆರಳು ದಾಟಿ, ಮೂತಿ ಎತ್ತಿ ಹೊರಟಿತು.

ಚಳಿಗಾಲವಿಡೀ ಒಣಗಿದ ಮರದ ದೋಣಿಯನ್ನು ನೀರಿಗಿಳಿಸಿದರೆ ಮೊದಲ ಕೆಲವು ದಿನ ಜರಡಿಯಂತೆ ಸೋರುತ್ತದೆ. ಅದಕ್ಕೇ ಕಲ್ಲು ಹೇರಿ ದಡದಲ್ಲಿ ಮುಳುಗಿಸಿಡುವುದು, ಹಲಗೆ ನೀರು ಕುಡಿದು ಉಬ್ಬಿ ಸಂದು ತಾನೇ ಮುಚ್ಚುವ ತನಕ. ಈ ಸಲ ಜ್ವರದಿಂದಾಗಿ ಅಷ್ಟು ಪುರುಸೊತ್ತು ಸಿಕ್ಕಿರಲಿಲ್ಲ. ಪೆಟ್ರಿಕ ಚುಕ್ಕಾಣಿಯನ್ನು ಕಂಕುಳಲ್ಲಿ ಒತ್ತಿಕೊಂಡಳು, ಹಾಯಿಯ ಹಗ್ಗವನ್ನು ಎಡಗೈಗೆ ತೆಗೆದುಕೊಂಡಳು, ಬಲಗೈಯಲ್ಲಿ ಮರದ ಮೊಗೆ ಹಿಡಿದು ನೀರು ಎತ್ತಿ ಹೊರಗೆ ಚೆಲ್ಲುತ್ತ ಕುಳಿತಳು. ಹಗ್ಗವನ್ನು ಗೂಟಕ್ಕೆ ಸುತ್ತಿಬಿಟ್ಟರೆ ಒಂದು ಕೈ ಉಳಿಯುತ್ತಿತ್ತು. ಆದರೆ ಒಂಟಿಯಾಗಿ ಹಾಯಿ ಬಿಡುವವರು ಹಗ್ಗ ಕಟ್ಟಿಹಾಕುವುದಿಲ್ಲ. ಗಾಳಿ ತಟ್ಟನೆ ತಿರುಗಿದರೆ ಬಿಚ್ಚಲು ಹೊತ್ತಿರುವುದಿಲ್ಲ, ದೋಣಿ ಮಗುಚುತ್ತದೆ. ಹಾಗೆ ಹೋದವರ ಹೆಸರುಗಳು ಪ್ರತಿ ಮನೆಯಲ್ಲೂ ಇವೆ.

ಬಿರುಗಾಳಿ ನಿಂತಿದ್ದರೂ ಕಡಲಿನ ಸಿಟ್ಟು ಇಳಿದಿರಲಿಲ್ಲ. ಹೊರಗಿನ ಬಂಡೆಸಾಲಿಗೆ ಅಲೆ ಅಪ್ಪಳಿಸಿ ಬಿಳಿ ನೊರೆ ಏಳುತ್ತಿತ್ತು. ಪೆಟ್ರಿಕ ಒಳದಾರಿ ಹಿಡಿದಳು. ಬೋಳು ದ್ವೀಪಗಳ ನಡುವಿನ ಇಕ್ಕಟ್ಟು ನೀರು, ಅಲ್ಲಿ ಅಲೆ ಸಣ್ಣದು, ಬಂಡೆ ಹೆಚ್ಚು. ಎಡಕ್ಕೆ ಕುರಿಬೆನ್ನಿನಂಥ ಗುಡ್ಡ ಬಂದಾಗ ಬಲಕ್ಕೆ ತಿರುಗು, ಎರಡು ಕಲ್ಲುಗುಪ್ಪೆ ಒಂದಾಗಿ ಕಂಡಾಗ ನೇರ ಹೋಗು, ಪಾಚಿ ಕೂದಲಿನಂತೆ ಒಂದೇ ಕಡೆ ಬಾಚಿಕೊಂಡಿದ್ದರೆ ಸೆಳೆತ ಇದೆ, ಹಾಯಿ ಸಡಿಲಿಸು. ಯೋಚಿಸದೆ ಮೈಯೇ ಇದನ್ನೆಲ್ಲ ಮಾಡುತ್ತಿತ್ತು. ಒಂದು ಕಡೆ ಅಲೆಯ ತುಂತುರು ಹಾರಿ ಬಂದಾಗ ಮೂಟೆಗಳಿಗೆ ಅಡ್ಡವಾಗಿ ಬೆನ್ನು ಕೊಟ್ಟು ಕುಳಿತಳು. ಕತ್ತಿನಿಂದ ಇಳಿದ ನೀರು ಸೊಂಟದವರೆಗೆ ಹರಿಯಿತು. ಮೂಟೆ ಒಣಗಿಯೇ ಇತ್ತು. ಅವಳಿಗೆ ಅಷ್ಟು ಸಾಕು.

ಅರ್ಧ ದಾರಿಯಲ್ಲಿ ಐಲರ್ಟನ ದ್ವೀಪ. ಹಡಗುಗಳಿಗೆ ದಾರಿ ತೋರಿಸುವ ದೀಪ ನೋಡಿಕೊಳ್ಳುವ ಮುದುಕ ಅವನು. ಮಿಂಕಿಗೆ ಬೋನು ಒಡ್ಡಿದ್ದು ಅವನೇ, ಪೆಟ್ರಿಕಳಿಗಾಗಿ ಒಂದಿಷ್ಟು ಪಾಚಿ ಒಣಗಿಸಿ ಇಡುವವನೂ ಅವನೇ. ಯೌವನದಲ್ಲಿ ಒಮ್ಮೆ ಮದುವೆಯ ಮಾತು ಎತ್ತಿದ್ದ. "ಹಕ್ಕಿ ಮೊಟ್ಟೆಯಿಡೋ ಕಾಲ ಮುಗೀಲಿ" ಎಂದಿದ್ದಳು ಪೆಟ್ರಿಕ. ಆ ಕಾಲ ಪ್ರತಿ ವರ್ಷ ಬಂತು. ಅವನು ಇನ್ನೊಬ್ಬಳನ್ನು ಕೇಳಲಿಲ್ಲ, ಇವಳನ್ನು ಮತ್ತೆ ಕೇಳಲಿಲ್ಲ. ಬದಲಿಗೆ ಕೀಟಲೆ ಶುರುಮಾಡಿದ.

"ಸತ್ತೋದೆ ಅಂತಿದ್ರು," ಎಂದ, ದೋಣಿಯ ಹಗ್ಗ ಹಿಡಿದುಕೊಂಡು.

"ನಿನ್ನನ್ನ ಮಣ್ಣು ಮಾಡಿ ಆಮೇಲೆ ಹೋಗ್ತೀನಿ. ಮೂಟೆ ತಾ."

"ಕಾಫಿ ಕುಡೀತೀಯಾ, ಇಲ್ಲ ಅದಕ್ಕೂ ಹಕ್ಕಿ ಬೆದರ್ತಾವಾ?"

ಕಾಫಿ ಕುಡಿದಳು. ಬೆಣ್ಣೆ ಸಕ್ಕರೆ ಸವರಿ ಮಡಿಸಿದ ಲೆಫ್ಸೆ ರೊಟ್ಟಿಯನ್ನು ನಿಂತುಕೊಂಡೇ ತಿಂದಳು. ಐಲರ್ಟ್ ಇನ್ನಷ್ಟು ರೊಟ್ಟಿ, ಒಂದು ಡಬ್ಬಿ ಬೆಣ್ಣೆ ಕಟ್ಟಿಕೊಟ್ಟು, ಈಗ ಕೀಟಲೆ ಬಿಟ್ಟು ಹೇಳಿದ:

"ಬಂದಿದಾವೆ. ಗಾಳಿ ಆ ಕಡೆಯಿಂದ ಬೀಸಿದಾಗೆಲ್ಲ ಕೂಗು ಕೇಳ್ಸುತ್ತೆ. ಆದ್ರೆ ದಡ ಹತ್ತಿಲ್ಲ ಅನ್ಸುತ್ತೆ ಕಣೇ."

"ಯಾಕೆ ಹತ್ತುತ್ವೆ? ಮನೇಲಿ ಯಾರಿದಾರೆ?"

"ಇವತ್ತು ಹೋಗ್ಬೇಡ. ಬಿಸಿಲು ಬೆಚ್ಚಗಿದೆ, ನೀರು ಹಿಮದ ಥರ ಇದೆ. ಮಂಜು ಮುಸುಕುತ್ತೆ, ಬರೆದಿಟ್ಕೋ."

"ಮುಸುಕಲಿ. ಹಕ್ಕಿ ಕೂಗು ಹಿಡ್ಕೊಂಡು ಹೋಗ್ತೀನಿ. ನನ್ನ ಕಿವಿ ನಿನ್ನ ಥರ ಅಲ್ಲ."

"ಕಿವಿ ಚೆನ್ನಾಗಿದೆ, ಹೇಳಿದ್ದು ಒಳಗೆ ಹೋಗಲ್ಲ ಅಷ್ಟೆ," ಎಂದ ಐಲರ್ಟ್. ದೋಣಿಯನ್ನು ತಾನೇ ನೂಕಿಕೊಟ್ಟ.

ಮುದುಕ ಹೇಳಿದಂತೆಯೇ ಆಯಿತು. ಕೊನೆಯ ತೆರೆದ ನೀರು ಅರ್ಧ ದಾಟುವಷ್ಟರಲ್ಲಿ ಗಾಳಿ ಸತ್ತಿತು. ಹಾಯಿ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಪಡುವಣದಿಂದ ಮಂಜು ಉರುಳಿಕೊಂಡು ಬಂದು ಮೊದಲು ಗ್ರೋವ್ಯಾರನ್ನು, ಆಮೇಲೆ ಹತ್ತಿರದ ಬಂಡೆಗಳನ್ನು, ಆಮೇಲೆ ದೋಣಿಯ ಮೂತಿಯನ್ನೂ ನುಂಗಿತು. ಪೆಟ್ರಿಕ ಹಾಯಿ ಇಳಿಸಿ ಹುಟ್ಟು ಹಿಡಿದಳು. ಗಾಬರಿಯೇನಿಲ್ಲ. ಕಿವಿಗೊಟ್ಟಳು.

ಕೇಳಿಸಿತು. "ಅ-ಹೂ... ಅ-ಹೂ..." ಗಂಡು ಬಾತುಗಳ ಕೂಗು. ಯಾರೋ ಹೇಳಿದ ಗುಟ್ಟಿಗೆ ಅಚ್ಚರಿಪಡುವ ಮುದುಕಿಯರ ದನಿಯಂತೆ ಇರುತ್ತದೆ ಅದು. ಅದಕ್ಕೆ ಹೆಣ್ಣುಗಳ ಗೊಣಗು ಉತ್ತರ. ಪೆಟ್ರಿಕಳ ಮುಖ ಅರಳಿತು. ಗ್ರೋವ್ಯಾರಿನಲ್ಲಿ ದೋಣಿಯನ್ನು ದಡಕ್ಕೆ ಎಳೆಯುವ ಜಾಗದ ಮುಂದಿನ ಸಣ್ಣ ಕೊಲ್ಲಿಯಲ್ಲೇ ಈ ಹಕ್ಕಿಗಳು ಸೇರುವುದು. ಅವಳ ತಾಯಿ ಮಂಜಿನಲ್ಲಿ ಹೀಗೆಯೇ ಕೂಗು ಹಿಡಿದು ಮನೆ ಸೇರುತ್ತಿದ್ದಳು, ಅಜ್ಜಿಯೂ ಹಾಗೆಯೇ. ಅವಳು ಮೂತಿಯನ್ನು ಕೂಗಿನ ಕಡೆಗೆ ತಿರುಗಿಸಿ, ಹುಟ್ಟು ಸದ್ದಾಗದಂತೆ, ನೀರನ್ನು ಸವರಿದಂತೆ ಹಾಕುತ್ತ ಹೋದಳು. ಕೂಗು ಹತ್ತಿರವಾಯಿತು. ಇನ್ನೇನು ಕೊಲ್ಲಿ ಬಂತು ಎನ್ನುವಾಗ ದೋಣಿಯ ತಳ ಕರ್ರೆಂದಿತು.

ಅದು ಕೊಲ್ಲಿಯಲ್ಲ. ಗ್ರೋವ್ಯಾರಿನಿಂದ ದೂರ, ಹೊರಗಿನ ಮುಳುಗುಬಂಡೆ.

ಒಂದು ಅಲೆ ದೋಣಿಯನ್ನು ಎತ್ತಿ ಬಂಡೆಯ ಬೆನ್ನ ಮೇಲೆ ಕೂರಿಸಿ ಹಿಂದೆ ಹೋಯಿತು. ಇಳಿತದ ಹೊತ್ತು, ನೀರು ಮತ್ತೆ ಅಷ್ಟು ಎತ್ತರಕ್ಕೆ ಬರಲಿಲ್ಲ. ಪೆಟ್ರಿಕ ಮೊಣಕಾಲ ನೀರಿಗೆ ಇಳಿದು ಭುಜ ಕೊಟ್ಟು ನೂಕಿದಳು. ಹಲಗೆ ಬಿರಿದ ಸದ್ದು ಕೇಳಿತೇ ಹೊರತು ದೋಣಿ ಕದಲಲಿಲ್ಲ. ನೀರು ಇಳಿಯುತ್ತಿದ್ದಂತೆ ದೋಣಿ ಒಂದು ಕಡೆ ವಾಲಿತು. ಅವಳು ಮೂಟೆಗಳನ್ನು ಒಂದೊಂದಾಗಿ ಎತ್ತರದ ಕಡೆಗೆ ಸರಿಸಿದಳು. ಸರಿಸುವಷ್ಟರಲ್ಲಿ ಒಂದು ಮೂಟೆ ನೀರು ಕುಡಿಯಿತು.

ಆಗ ತಲೆಯೆತ್ತಿ ನೋಡಿದಳು. ಮಂಜಿನ ಅಂಚಿನಲ್ಲಿ ಹಕ್ಕಿಗಳು ತೇಲುತ್ತಿದ್ದವು. ಬಿಳಿ ಬೆನ್ನಿನ ಗಂಡುಗಳು, ಅವುಗಳ ಪಕ್ಕ ಒಣ ಪಾಚಿಯ ಬಣ್ಣದ ಹೆಣ್ಣುಗಳು. ತಲತಲಾಂತರದಿಂದ ಮನೆಬಾಗಿಲಲ್ಲಿ ಸೇರುತ್ತಿದ್ದವು, ಈ ವರ್ಷ ಊರ ಹೊರಗೆ ನಿಂತಿದ್ದವು. ದಡ ಕಂಡರೆ ಅಷ್ಟು ಭಯ ಅವಕ್ಕೆ. ತಾನು ದಾರಿ ತಪ್ಪಿದ್ದು ಯಾಕೆಂದು ಪೆಟ್ರಿಕಳಿಗೆ ಅರ್ಥವಾಯಿತು. ದೋಣಿಗಿಂತ ಹೆಚ್ಚಾಗಿ ಅದು ಚುಚ್ಚಿತು. ಬಂಡೆಯ ಮೇಲೆ ಕುಳಿತುಬಿಟ್ಟಳು.

ಎಷ್ಟೋ ಹೊತ್ತಿನ ಮೇಲೆ ಎಂಜಿನ್ ಸದ್ದು. ಮಂಜು ಇಳಿದದ್ದು ಕಂಡು ಐಲರ್ಟ್ ದೊಡ್ಡ ದ್ವೀಪಕ್ಕೆ ಫೋನ್ ಮಾಡಿರಬೇಕು. ಹಿಲ್ಮಾರ್ ಹುಡುಕುತ್ತ ಬರುತ್ತಿದ್ದ. ಸ್ವಲ್ಪ ದೂರ ಬರುವುದು, ಹಾರ್ನ್ ಊದುವುದು, "ಅತ್ತೇ... ಓ ಅತ್ತೇ..." ಎಂದು ಕೂಗುವುದು.

ಹಕ್ಕಿಗಳ ಮಾತು ನಿಂತಿತು. ಅಷ್ಟೂ ಕತ್ತುಗಳು ನೆಟ್ಟಗಾದವು.

ಪೆಟ್ರಿಕ ಒಂದು "ಓ" ಅಂದಿದ್ದರೆ ಸಾಕಿತ್ತು. ಕಾಲು ಮರಗಟ್ಟಿತ್ತು, ದೋಣಿಯ ಹಲಗೆ ಬಿರಿದಿತ್ತು, ಉಬ್ಬರ ಬಂದರೆ ಬಂಡೆ ಮುಳುಗುತ್ತದೆ. ಯಾರಾದರೂ "ಓ" ಅನ್ನುತ್ತಿದ್ದರು. ಅಂದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅವನು ಎಂಜಿನ್ ಕಿರುಚಿಸಿಕೊಂಡು ಹಕ್ಕಿಗಳ ನಡುವೆಯೇ ನುಗ್ಗುತ್ತಾನೆ. ಮೊದಲೇ ಕಾಲು ಹಿಂದಿಟ್ಟ ಹಕ್ಕಿಗಳು ಒಮ್ಮೆ ಎದ್ದರೆ ಈ ಕಡೆ ಮತ್ತೆ ಮುಖ ಹಾಕುವುದಿಲ್ಲ. ಅವಳು ತುಟಿ ಬಿಗಿದಳು. ಅಷ್ಟರಲ್ಲಿ ಎದೆಯಿಂದ ಕೆಮ್ಮು ಎದ್ದಿತು. ಉಣ್ಣೆಯ ಕೈಗವಸನ್ನು ಬಾಯಿಗೆ ತುರುಕಿ ಕಚ್ಚಿದಳು. ಕಣ್ಣಲ್ಲಿ ನೀರು ಬಂತು, ಬೆನ್ನು ಬಿಲ್ಲಿನಂತೆ ಬಾಗಿತು, ಕೆಮ್ಮು ಗಂಟಲಲ್ಲೇ ಗುಕ್ಕೆಂದು ಸತ್ತಿತು.

ಇದನ್ನು ಕೇಳಿ ನಕ್ಕವರು ಊರಲ್ಲಿ ಇದ್ದಾರೆ. ಬಾತುಗಳಿಗಾಗಿ ಸಾಯಲು ಕೂತಿದ್ದಳಂತೆ ಹುಚ್ಚಿ ಅನ್ನುತ್ತಾರೆ. ತಮ್ಮ ಜೀವಮಾನದಲ್ಲಿ ಒಂದು ಕಾಡುಪ್ರಾಣಿಯ ನಂಬಿಕೆಯನ್ನೂ ಗಳಿಸದ ಜನ ಇವರು. ಇಂಥವರ ನಗೆಗೆ ಕವಡೆ ಕಿಮ್ಮತ್ತಿಲ್ಲ.

ಎಂಜಿನ್ ನಿಂತಿತು. ಮಂಜಿನಲ್ಲಿ ಹುಡುಕುವವರು ಹಾಗೆ ಆಗಾಗ ನಿಲ್ಲಿಸಿ ಆಲಿಸುತ್ತಾರೆ. ಸುತ್ತಲೂ ನೀರು ಬಂಡೆಯನ್ನು ನೆಕ್ಕುವ ಸದ್ದು ಬಿಟ್ಟರೆ ಬೇರೇನಿಲ್ಲ. ಎಂಜಿನ್ ಮತ್ತೆ ಶುರುವಾಗುವುದನ್ನು ಪೆಟ್ರಿಕ ಹಲ್ಲು ಕಚ್ಚಿ ಕಾದಳು. ಶುರುವಾಗಲಿಲ್ಲ. ಬದಲಿಗೆ ಹುಟ್ಟು ನೀರಿಗೆ ಬೀಳುವ ಸದ್ದು ಕೇಳಿತು, ಮೆತ್ತಗೆ, ತುಂಬ ನಿಧಾನವಾಗಿ. ಮಂಜಿನೊಳಗಿಂದ ಹಿಲ್ಮಾರನ ಬಿಳಿ ಬೋಟು, ಅದರೊಳಗೆ ಹಳದಿ ಮಳೆಕೋಟು, ಕೋಟಿನೊಳಗೆ ಕೆಂಡದಂಥ ಮುಖ ಹೊರಬಂದವು.

"ಬಾಯಿ ಹೊಲಿದಿತ್ತಾ ನಿಂಗೆ?" ಎಂದು ಪಿಸುಗುಟ್ಟಿದ.

"ಮೆಲ್ಲಗೆ."

"ಮೆಲ್ಲಗೇ ಬೈತಿದೀನಿ! ಇದಕ್ಕಿಂತ ಮೆಲ್ಲಗೆ ಬೈಯೋಕೆ ಬರಲ್ಲ ನಂಗೆ. ಅಷ್ಟು ಕೂಗಿದೆ, ಒಂದು 'ಹೂಂ' ಅನ್ನೋಕೆ ಏನಾಗಿತ್ತು?"

"ನಾನಿರೋದು ಹೆಂಗೆ ಗೊತ್ತಾಯ್ತು?"

"ಕೆಮ್ಮು ನುಂಗಿದ್ದು ಕೇಳ್ಸಿತು. ಇಡೀ ಚಳಿಗಾಲ ಪಕ್ಕದ ಕೋಣೇಲಿ ಅದನ್ನೇ ಕೇಳ್ಕೊಂಡು ಮಲಗಿದೀನಿ, ಗೊತ್ತಾಗಲ್ವಾ?"

"ಎಂಜಿನ್ ಯಾಕೆ ಹಾಕ್ಲಿಲ್ಲ?"

"ಹಾಕಿದ್ರೆ ನೀನು ಸಾಯೋ ತನಕ ಮಾತಾಡ್ತಿದ್ಯಾ ನನ್ನ ಹತ್ರ?"

ಪೆಟ್ರಿಕ ಅವನ ಕೋಟಿನ ಕಡೆ ನೋಡಿದಳು.

"ಅದು ತೆಗಿ."

"ಏನು?"

"ಆ ಹಳದಿ. ಕಣ್ಣಿಗೆ ಹೊಡೀತಿದೆ. ಅವು ನೋಡ್ತಿದಾವೆ."

"ಚಳೀಲಿ ಸಾಯ್ಲಾ?"

"ತಿರುಗಿಸಿ ಹಾಕ್ಕೋ. ಒಳಗಡೆ ಬೂದು ಇದೆ."

ಆರಡಿ ಎತ್ತರದ, ಇಡೀ ಬಂದರಿನಲ್ಲಿ ಯಾರ ಮಾತಿಗೂ ಬಗ್ಗದ ಹಿಲ್ಮಾರ್ ಮಂಜಿನ ನಡುವೆ ನಿಂತು ಕೋಟನ್ನು ತಿರುಗಿಸಿ ಹಾಕಿಕೊಂಡ. ಬಾಯಲ್ಲಿ ಏನೇನೋ ಬೈಗುಳ ಗುಣುಗುಟ್ಟುತ್ತಿತ್ತು, ಒಂದೂ ಹೊರಗೆ ಕೇಳಿಸಲಿಲ್ಲ.

ಮೂಟೆಗಳ ಸಮೇತ ತನ್ನ ಬೋಟಿನಲ್ಲೇ ಹುಟ್ಟು ಹಾಕಿ ದಡಕ್ಕೆ ಮುಟ್ಟಿಸುತ್ತೇನೆ ಎಂದ. ಅವಳು ಒಪ್ಪಲಿಲ್ಲ. ಈ ದೋಣಿಯನ್ನು ಹಕ್ಕಿಗಳು ಹುಟ್ಟಿದಾಗಿನಿಂದ ನೋಡಿವೆ, "ನಿನ್ನ ಬಿಳಿ ತೊಟ್ಟಿ" ನೋಡಿಲ್ಲ ಎಂದಳು. ಉಬ್ಬರ ಬರುವ ತನಕ ಇಬ್ಬರೂ ಬಂಡೆಯ ಮೇಲೆ ಕೂತರು. ರೊಟ್ಟಿ ಹಂಚಿಕೊಂಡು ತಿಂದರು, ಪಿಸುಮಾತಿನಲ್ಲೇ ಕಿತ್ತಾಡಿದರು. ಹಕ್ಕಿಗಳು ಮತ್ತೆ ಮಾತು ಶುರುಮಾಡಿದವು. ಪೆಟ್ರಿಕ ಆ ಕೈಗವಸನ್ನು ಐಲರ್ಟ್ ಕೊಟ್ಟ ಬೆಣ್ಣೆಯಲ್ಲಿ ಅದ್ದಿ, ಚಾಕುವಿನ ಮೊನೆಯಿಂದ ಬಿರುಕಿಗೆ ತುರುಕಿದಳು. ನೀರು ಏರಿತು. ದೋಣಿ ನೆಟ್ಟಗಾಗಿ, ಒಮ್ಮೆ ತಳ ಉಜ್ಜಿ, ತೇಲಿತು.

"ಈಗ ಹೋಗು. ಎಂಜಿನ್ ಮುಟ್ಬೇಡ."

"ಎಲ್ಲೀ ತನಕ?"

"ಐಲರ್ಟ್ ಮನೆ ತನಕ."

"ಅಷ್ಟು ದೂರ ಹುಟ್ಟು ಹಾಕ್ಬೇಕಾ ನಾನು! ನಿಂಗೆ ಕರುಣೆ ಅನ್ನೋದು..."

"ಮೆಲ್ಲಗೆ," ಎಂದಳು ಪೆಟ್ರಿಕ.

ಮಂಜು ತೆಳುವಾಗಿ ಗ್ರೋವ್ಯಾರಿನ ಬೆನ್ನು ಕಂಡಿತ್ತು. ಅವಳು ಹಕ್ಕಿಗಳನ್ನು ದೂರದಿಂದ ಬಳಸಿ ದಡ ಸೇರಿದಳು. ದೋಣಿಯನ್ನು ಉರುಳುಮರದ ಮೇಲೆ ಎಳೆದು ಬೋರಲು ಹಾಕಿ, ಬಿರುಕು ಒಣಗಲೆಂದು ಒಂದು ಅಂಚಿಗೆ ಕಲ್ಲು ಕೊಟ್ಟು ಎತ್ತರಿಸಿದಳು. ಬಟ್ಟೆ ಬದಲಿಸುವ ಮೊದಲು ಒಲೆ ಹೊತ್ತಿಸಿದಳು. ಚಿಮಣಿಯಿಂದ ಹೊಗೆ ನೆಟ್ಟಗೆ ಎದ್ದಿತು.

ಆಮೇಲೆ ಅವಳು ಮಾಡಿದ ಕೆಲಸ ನೋಡಬೇಕಿತ್ತು. ಪ್ರತಿಯೊಂದು ಪುಟ್ಟ ಮನೆಯ ಮುಂದೆಯೂ ಮಂಡಿಯೂರಿ, ಕೊಳೆತ ಹಾಸಿಗೆ ಎಳೆದು, ಬಿರುಗಾಳಿ ತಂದುಹಾಕಿದ ಕಸ ಬಳಿದು, ಅಂಗೈಯಿಂದ ನೆಲ ಒರೆಸಿ, ಒಣ ಪಾಚಿಯನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ಹಾಸಿದಳು. ಹಾಸಿದ ಮೇಲೆ ಮುಷ್ಟಿಯಿಂದ ನಡುವೆ ಒಂದು ಗುಳಿ ಒತ್ತುವಳು, ಬಾತಿನ ಎದೆಯ ಅಳತೆಗೆ. ಕಳೆದ ವರ್ಷ ರಕ್ತ ಬಿದ್ದ ಮನೆಗಳ ಹಲಗೆಗಳನ್ನು ಕಿತ್ತು ಒಲೆಗೆ ಹಾಕಿದಳು. ಒದ್ದೆಯಾದ ಮೂಟೆಯನ್ನು ಬಂಡೆಯ ಮೇಲೆ ಹರವಿ ದಿನಕ್ಕೆ ಹತ್ತು ಸಲ ಮಗುಚಿದಳು.

ಕೆಲಸ ಮುಗಿಯಿತು. ಕಾಯುವುದು ಉಳಿಯಿತು. ದಿನವೂ ಅದೇ ಹೊತ್ತಿಗೆ, ಅದೇ ಬೂದು ಲಂಗ, ಅದೇ ತಲೆವಸ್ತ್ರದಲ್ಲಿ, ಅದೇ ಕಾಲುದಾರಿಯಲ್ಲಿ ಪದವಿಲ್ಲದ ಒಂದು ರಾಗ ಗುನುಗುತ್ತ ದ್ವೀಪ ಸುತ್ತುವಳು. ಹಕ್ಕಿಗೆ ಅವಳನ್ನು ನೋಡಿ ನೋಡಿ ಬೇಸರ ಬರಬೇಕು, ಆಗಲೇ ಭಯ ಹೋಗುವುದು. ಕಾಗೆ ಬಂದರೆ ಸೊಂಟಕ್ಕೆ ಕೈಯಿಟ್ಟು ಅದರ ದಾರಿಗೆ ಅಡ್ಡ ನಿಲ್ಲುವಳು. ಹಕ್ಕಿಗಳು ಮುಳುಗುಬಂಡೆ ಬಿಟ್ಟು ಕೊಲ್ಲಿಯ ಬಾಯಿಗೆ ಬಂದವು. ಅಲ್ಲೇ ನಿಂತವು. ಒಂದು ಸಂಜೆ ಒಂದು ಜೋಡಿ ದಡದ ಕಲ್ಲು ಹತ್ತಿ, ಕತ್ತು ಕೊಂಕಿಸಿ ನೋಡಿ, ಏನೋ ನೆನಪಾದಂತೆ ದಡಬಡನೆ ನೀರಿಗಿಳಿಯಿತು. ಆ ರಾತ್ರಿ ಪೆಟ್ರಿಕ ಊಟ ಮಾಡಲಿಲ್ಲ.

ಮಾರನೆಯ ದಿನ ಅದೇ ಜೋಡಿ ಮತ್ತೆ ಹತ್ತಿತು. ಹೆಣ್ಣು ಮುಂದೆ, ಗಂಡು ಹಿಂದೆ. ಮನೆಗೆಲಸದ ನೆವ ಮಾಡಿ ಕಿಟಕಿಯ ಬಳಿ ನಿಂತಿದ್ದ ಪೆಟ್ರಿಕ ಉಸಿರು ಬಿಡಲಿಲ್ಲ. ಹೆಣ್ಣು ಒಂದು ಮನೆಯೊಳಗೆ ಇಣುಕಿ ಬೇಡವೆಂದಿತು. ಇನ್ನೊಂದನ್ನು ಹೊಕ್ಕು, ಹಾಸಿಗೆ ಒತ್ತಿ ನೋಡಿ ಹೊರಬಂತು. ಬಾಡಿಗೆ ಮನೆ ನೋಡಲು ಬಂದ ಜಂಬದ ಹೆಂಗಸಿನ ಹಾಗೆ ಮೂರನೆಯದರ ಮುಂದೆ ನಿಂತು ಮುಖ ತಿರುಗಿಸಿತು. ಪೆಟ್ರಿಕ ನೋಡಲಾಗದೆ ಒಲೆಯ ಕಡೆ ತಿರುಗಿದಳು. ಮತ್ತೆ ನೋಡಿದಾಗ ಹೆಣ್ಣು ಕಾಣಲಿಲ್ಲ. ನೀರಿನಲ್ಲೂ ಇಲ್ಲ. ಗಂಡು ಮಾತ್ರ ಬೋರಲು ಹಾಕಿದ ದೋಣಿಯ ಪಕ್ಕ ಕಾವಲುಗಾರನಂತೆ ನಿಂತಿತ್ತು.

ಅವಳು ಗುನುಗುತ್ತ ಹೋದಳು. ಸಾಕಷ್ಟು ದೂರದಲ್ಲೇ ಹೊಟ್ಟೆಯ ಮೇಲೆ ಮಲಗಿ, ಎತ್ತರಿಸಿದ ಅಂಚಿನಡಿ ನೋಡಿದಳು. ದೋಣಿಯ ಹೊಟ್ಟೆಯಡಿ, ಮೂಟೆಗಳಿಂದ ಉದುರಿದ ಪಾಚಿಯನ್ನು ಗುಡ್ಡೆ ಮಾಡಿಕೊಂಡು ಹೆಣ್ಣು ಕೂತಿತ್ತು, ಒಂದು ಕರಿಗಣ್ಣು ಅವಳನ್ನೇ ನೋಡುತ್ತಿತ್ತು. ಅದು ಎದ್ದು ಹೋಗಲಿಲ್ಲ.

ಪೆಟ್ರಿಕ ಅಲ್ಲೇ ಕೂತು ಸೆರಗಿನಂತೆ ತಲೆವಸ್ತ್ರ ಬಾಯಿಗೊತ್ತಿ ನಕ್ಕಳು. ಅತ್ತಳೋ ಏನೋ, ನೋಡಿದವರು ಯಾರೂ ಇಲ್ಲ.

ಒಂದು ಕೂತಿತೆಂದು ಇನ್ನೊಂದು ಬಂತು. ಹಿಂದಿನಂತೆ ದ್ವೀಪ ತುಂಬಲಿಲ್ಲ, ಎಷ್ಟೋ ಮನೆಗಳು ಖಾಲಿಯೇ ಉಳಿದವು. ಆದರೆ ಒಕ್ಕಲು ಬಿಟ್ಟುಹೋಗಲಿಲ್ಲ.

ಮುಂದಿನ ವಾರ ಹಿಲ್ಮಾರ್ ಬಂದ. ಎಂಜಿನ್ನನ್ನು ಐಲರ್ಟನ ಹತ್ತಿರವೇ ಆರಿಸಿ, ಅಲ್ಲಿಂದ ಹುಟ್ಟು ಹಾಕಿಕೊಂಡು ಬಂದಿದ್ದ. ಅಂಗೈ ಬೊಬ್ಬೆ ಎದ್ದಿತ್ತು.

"ಹಲಗೆ ತಂದಿದೀನಿ, ಮೊಳೆ ತಂದಿದೀನಿ. ದೋಣಿ ತೋರ್ಸು, ರಿಪೇರಿ ಮಾಡ್ಕೊಟ್ಟು ಹೋಗ್ತೀನಿ," ಎಂದು ಪಿಸುಗುಟ್ಟಿದ.

"ಆಗಲ್ಲ. ದೋಣೀಲಿ ಜನ ಇದಾರೆ."

ಹಿಲ್ಮಾರ್ ದೋಣಿಯ ಕಡೆ ನೋಡಿದ. ಪಕ್ಕದಲ್ಲಿ ನಿಂತಿದ್ದ ಗಂಡು ಬಾತನ್ನು ನೋಡಿದ. ಅತ್ತೆಯನ್ನು ನೋಡಿದ.

"ಅಷ್ಟು ಮನೆ ಕಟ್ಟಿಟ್ಟಿದೀಯ. ಅದಕ್ಕೆ ಇದೇ ಬೇಕಿತ್ತಾ?"

"ಅದರ ಇಷ್ಟ."

"ಮರಿ ಇಳಿಯೋ ತನಕ ನಿಂಗೆ ದೋಣಿ ಇಲ್ಲ ಅಂತಾಯ್ತು. ಹಿಟ್ಟು, ಕಾಫಿ, ಸೀಮೆಣ್ಣೆ ಯಾರು ತರ್ತಾರೆ?"

ಪೆಟ್ರಿಕ ಅವನ ಕೈ ಹಿಡಿದು ಅಂಗೈ ಮೇಲೆ ಮಾಡಿ, ಬೊಬ್ಬೆಗಳಿಗೆ ಕುರಿಕೊಬ್ಬು ಸವರಿ, ಬಟ್ಟೆ ಸುತ್ತಿ ಗಂಟು ಹಾಕಿದಳು. ಅವನು ಅಷ್ಟು ಹೊತ್ತೂ ಬೈಯುತ್ತಲೇ ಇದ್ದ. ಬೈದು ಮುಗಿಸಿ, ಬೋಟು ಹತ್ತಿ, ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಅಂಚಿಗೆ ತಾಗದ ಹಾಗೆ ಮೆಲ್ಲಗೆ ನೀರಿಗಿಟ್ಟ.